ಕನ್ನಡಿಯೊಳಗಿನ ಗಂಡ

ಜೇಮ್ಸ್ ಜಾಯ್ಸನ ‘ಡಬ್ಲಿನರ್ಸ್’ (1914) ಸಂಕಲನದ ಕೊನೆಯ ಕತೆ ‘ದಿ ಡೆಡ್’. ಕ್ಲಾಸುಗಳಲ್ಲಿ ಇದನ್ನು ಸಾವು, ಹಿಮ, ಅಂತರಂಗದ ಬೆಳಕು ಅಂತ ಹೇಳಿ ಮುಗಿಸುತ್ತಾರೆ. ದಾಂಡೇಲಿ, ಹಳಿಯಾಳದ ಕಡೆ, ಮನೆಗೆ ಮೊದಲ ಡಿಗ್ರಿ ತಂದವರು ಓದಿದರೆ ಇದು ಬೇರೆಯೇ ಕತೆ. ಕಲಿತ ಗಂಡನೊಬ್ಬ ತನ್ನ ಬಗ್ಗೆ ತಾನೇ ಕಟ್ಟಿಕೊಂಡ ಚಿತ್ರ ಒಂದೇ ರಾತ್ರಿಯಲ್ಲಿ ಒಡೆಯುತ್ತದೆ. ಒಡೆದವರು ಯಾರು ಅನ್ನೋದೇ ಮುಖ್ಯ.

ಗೇಬ್ರಿಯಲ್ ಮೇಷ್ಟ್ರು, ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುವವ. ಚಿಗವ್ವಗಳ ಮನೆಯ ಔತಣದಲ್ಲಿ ಭಾಷಣ ಮಾಡಬೇಕು. ತಾನು ಉದ್ಧರಿಸುವ ಕವಿತೆ ಈ ಜನರ ತಲೆಗೆ ಹತ್ತೀತೇ ಎಂಬುದೇ ಅವನ ಚಿಂತೆ. ಮೊದಲ ಪೆಟ್ಟು ಕೊಡುವವಳು ಕೆಲಸದ ಹುಡುಗಿ ಲಿಲಿ, ಕಾವಲುಗಾರನ ಮಗಳು. ನಿನ್ನ ಮದುವೆ ಯಾವಾಗ ಅಂತ ಸಲುಗೆಯಿಂದ ಕೇಳುತ್ತಾನೆ. ಈಗಿನ ಗಂಡಸರ ಮೇಲಿನ ಕಹಿಯನ್ನು ಆಕೆ ಮುಖಕ್ಕೇ ಹೇಳುತ್ತಾಳೆ. ಇಂವ ಏನ್ ಮಾಡ್ತಾನ? ಕೈಯಾಗ ನಾಣ್ಯ ತುರುಕಿ ಓಡ್ತಾನ. ಈ ಕಹಿ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ.

ಹೆಂಡತಿ ಗ್ರೆಟಾ ಪಶ್ಚಿಮದ ಗಾಲ್‌ವೇ ಕಡೆಯವಳು. ಹಳ್ಳಿಯವಳೆಂದು ಅತ್ತೆ ಹೀಗಳೆದಿದ್ದಳು. ಆ ಅತ್ತೆಯ ಕೊನೆಯ ಕಾಯಿಲೆಯಲ್ಲಿ ಸೇವೆ ಮಾಡಿದವಳು ಇವಳೇ. ತನ್ನ ಕಡೆಯ ಊರು ನೋಡೋಣ ಅಂದರೆ, ಬೇಕಾದರೆ ನೀನು ಹೋಗು ಅನ್ನುತ್ತಾನೆ ಗಂಡ. ಜಗಳವಿಲ್ಲ, ಹೊಡೆತವಿಲ್ಲ. ದೂರ ಅಂದರೆ ಇದೇ.

ರಾತ್ರಿ ಹೋಟೆಲಿನ ಕೋಣೆಯಲ್ಲಿ ಆಕೆ ಹಳೆಯ ಹಾಡೊಂದನ್ನು ನೆನೆದು ಅಳುತ್ತಾಳೆ. ಆ ಹಾಡು ಹಾಡುತ್ತಿದ್ದ ಹುಡುಗ ಹದಿನೇಳಕ್ಕೇ ಸತ್ತ. ಕಾಯಿಲೆಯಲ್ಲೂ ಅವಳಿಗಾಗಿ ಮಳೆಯಲ್ಲಿ ಬಂದು ನಿಂತಿದ್ದ. ಅವನೇನಾಗಿದ್ದ ಅಂತ ಗಂಡ ವ್ಯಂಗ್ಯದಲ್ಲಿ ಕೇಳುತ್ತಾನೆ. ಗ್ಯಾಸ್ ಕಾರ್ಖಾನೆಯಲ್ಲಿದ್ದ ಅನ್ನುತ್ತಾಳೆ. ದಾಂಡೇಲಿಯಲ್ಲಿ ‘ಅಂವ ಮಿಲ್ಲಿನ್ಯಾಗ ಇದ್ದ’ ಅಂದಹಾಗೆ, ಅಷ್ಟೇ ಸರಳ. ಆ ಉತ್ತರಕ್ಕೆ ಮೇಷ್ಟ್ರ ವ್ಯಂಗ್ಯ ನೆಲಕಚ್ಚುತ್ತದೆ. ಆಗ ಕನ್ನಡಿಯಲ್ಲಿ ಅವನಿಗೆ ಕಾಣುವುದು ಒಬ್ಬ ನಗೆಪಾಟಲಿನ ಮನುಷ್ಯ.

ನಮ್ಮ ನವ್ಯರಿಗೆ ಈ ಕನ್ನಡಿ ಬಹಳ ಹಿಡಿಸಿತು. 1929ರಲ್ಲಿ ಹಳಿಯಾಳದಲ್ಲೇ ಹುಟ್ಟಿದ ಶಾಂತಿನಾಥ ದೇಸಾಯಿ ‘ಮುಕ್ತಿ’ಯ (1961) ಗೌರೀಶನಲ್ಲಿ, ‘ಕ್ಷಿತಿಜ’ದ ಮಂದಾಕಿನಿಯಲ್ಲಿ ಕಲಿತವರ ಮನಸ್ಸನ್ನು ಒಳಗಿನಿಂದ ತೋರಿಸಿದರು. ಅದು ಹುಸಿಯಲ್ಲ, ನಿಜವಾದ ಗಳಿಕೆ. ಆದರೆ ನವ್ಯ ಕತೆ ಗೇಬ್ರಿಯಲ್‌ನನ್ನು ಒಳಗೆ ಕರೆದು ಲಿಲಿಯನ್ನು ಬಾಗಿಲಲ್ಲೇ ಬಿಟ್ಟಿತು.

ಇಷ್ಟಕ್ಕೇ ನಿಲ್ಲಿಸಿದರೆ ನಮಗೂ ಸುಖ. ಈಗ ಗೇಬ್ರಿಯಲ್‌ರು ನಮ್ಮಲ್ಲೂ ಹುಟ್ಟುತ್ತಿದ್ದಾರೆ. ಸಭೆಯಲ್ಲಿ ಸಮಾನತೆ, ಮನೆಯಲ್ಲಿ ಮೌನ. ಕೂಲಿಗೆ ಹೋಗುವ ಹೆಂಡತಿಗೆ ನನ್ನ ಕವಿತೆ ಏನ್ ತಿಳೀತದ ಅನ್ನೋ ಬಿಂಕ. ನಮ್ಮ ಕಾವ್ಯದಲ್ಲಿ ಅವ್ವ ಮತ್ತೆ ಮತ್ತೆ ಬರುತ್ತಾಳೆ; ಅವಳ ಬೆವರು, ಅವಳ ಹಸಿವು ಎಲ್ಲ ಬರುತ್ತದೆ. ಹೆಂಡತಿ ಎಲ್ಲಿ? ಅವ್ವ ಮಗನನ್ನು ಹರಸುತ್ತಾಳೆ, ಹೆಂಡತಿ ಪ್ರಶ್ನೆ ಕೇಳುತ್ತಾಳೆ. ಅದಕ್ಕೇ ಅಂಜಿಕೆ.

ಜಾಯ್ಸನ ಮಿತಿಯೂ ಇಲ್ಲೇ ಇದೆ. ಕೊನೆಯಲ್ಲಿ ಗೇಬ್ರಿಯಲ್‌ನ ಕಣ್ಣು ತುಂಬುತ್ತದೆ; ಸತ್ತವರು ಬದುಕಿದವರು ಅನ್ನದೆ ಎಲ್ಲರ ಮೇಲೂ ಹಿಮ ಬೀಳುತ್ತದೆ. ಅಷ್ಟರಲ್ಲಿ ಗ್ರೆಟಾ ನಿದ್ದೆ ಹೋಗಿದ್ದಾಳೆ. ಅವನ ಅರಿವು ಅವಳ ಕಿವಿಗೆ ಬೀಳುವುದೇ ಇಲ್ಲ. ಲಿಲಿಯ ಕಹಿಯಂತೂ ಅದೇ ಹಿಮದಡಿ ಹೂತುಹೋಯಿತು.

ಆ ಕತೆ ನಿಂತಲ್ಲಿಂದ ನಮ್ಮ ಕತೆ ಶುರುವಾಗಬೇಕು. ಬೆಳಗಾದ ಮೇಲೆ ಎದ್ದ ಹೆಂಡತಿಯ ಎದುರು ಕೂತು ಈ ಗಂಡ ಏನು ಕೇಳುತ್ತಾನೆ? ಅವಳು ಏನು ಹೇಳುತ್ತಾಳೆ? ಅದನ್ನು ಅವಳೇ ಬರೆದರೆ ಇನ್ನೂ ಒಳ್ಳೇದು.