ಬಿಜಿಎಂಐ ಆಟದಲ್ಲಿ ತಂಡಗಳ ಜೋಡಣೆ: ಸಮಬಲವೂ ನ್ಯಾಯವೂ

ಹೈದರಾಬಾದಿನ ಹೈಟೆಕ್ಸ್ ಪ್ರದರ್ಶನ ಕೇಂದ್ರದಲ್ಲಿ 2024ರ ಜೂನ್ 28ರಿಂದ 30ರವರೆಗೆ ನಡೆದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಸರಣಿಯ ಅಂತಿಮ ಸುತ್ತಿನಲ್ಲಿ ಹದಿನಾರು ತಂಡಗಳು ಸೆಣಸಿ, ಟೀಮ್ ಎಕ್ಸ್‌ಸ್ಪಾರ್ಕ್ ಪ್ರಶಸ್ತಿ ಗೆದ್ದಿತು. ಪ್ರತಿ ಪಂದ್ಯದ ಮೊದಲ ಸ್ಥಾನಕ್ಕೆ 10, ಎರಡನೆಯದಕ್ಕೆ 6, ಉರುಳಿಸಿದ ಪ್ರತಿ ಎದುರಾಳಿಗೆ 1 ಅಂಕವೆಂಬ ನಿಯಮ ಎಲ್ಲರಿಗೂ ಗೊತ್ತಿದ್ದುದರಿಂದ, ಸೋತ ತಂಡವೂ ತಾನೇಕೆ ಸೋತೆನೆಂದು ಲೆಕ್ಕಹಾಕಿ ನೋಡಬಹುದಾಗಿತ್ತು. ಬಿಜಿಎಂಐ ಎಂದೇ ಪರಿಚಿತವಾದ ಈ ಆಟವನ್ನು ಅದೇ ನಗರದ ವಿದ್ಯಾರ್ಥಿನಿಲಯದಲ್ಲೋ ಬಾಡಿಗೆ ಕೋಣೆಯಲ್ಲೋ ಆಡುವವರಿಗೆ ಈ ಸೌಲಭ್ಯವಿಲ್ಲ. ಅವರ ಜೊತೆಗಾರರು ಯಾರು, ಎದುರಾಳಿಗಳು ಯಾರು ಎಂಬುದನ್ನು ಮ್ಯಾಚ್‌ಮೇಕಿಂಗ್ ಎಂಬ ಗಣಕ ವ್ಯವಸ್ಥೆ ಗೊತ್ತುಮಾಡುತ್ತದೆ, ಅದರ ಲೆಕ್ಕ ಅವರಿಗೆ ಕಾಣುವುದಿಲ್ಲ.

ಇಂಥ ವ್ಯವಸ್ಥೆಗಳ ಮೂಲ ಚದುರಂಗದಲ್ಲಿದೆ. ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರಜ್ಞ ಅರ್ಪಾದ್ ಎಲೊ ರೂಪಿಸಿದ, ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಒಪ್ಪಿಕೊಂಡ ಕ್ರಮದಲ್ಲಿ ಇಬ್ಬರ ನಡುವೆ 400 ಅಂಕಗಳ ಅಂತರವಿದ್ದರೆ ಬಲಶಾಲಿಗೆ ಹನ್ನೊಂದರಲ್ಲಿ ಹತ್ತು ಪಾಲು ಫಲ ದಕ್ಕುವ ನಿರೀಕ್ಷೆಯಿರುತ್ತದೆ. ಆದರೆ ಅದು ಒಬ್ಬರಿಗೊಬ್ಬರ ಲೆಕ್ಕ. ತಂಡದ ಆಟಗಳಿಗಾಗಿ ಮೈಕ್ರೋಸಾಫ್ಟ್ ಸಂಶೋಧಕರು ರೂಪಿಸಿದ ಟ್ರೂಸ್ಕಿಲ್ ಪದ್ಧತಿ, ಆಟಗಾರನ ಸಾಮರ್ಥ್ಯದ ಜೊತೆಗೆ ಆ ಅಂದಾಜು ಎಷ್ಟು ಅನಿಶ್ಚಿತವೆಂಬುದನ್ನೂ ದಾಖಲಿಸಿ, ಸದಸ್ಯರ ಸಾಮರ್ಥ್ಯಗಳ ಮೊತ್ತವನ್ನೇ ತಂಡದ ಸಾಮರ್ಥ್ಯವೆಂದು ಎಣಿಸುತ್ತದೆ.

ಈ ಮೊತ್ತದ ಕಲ್ಪನೆಯೇ ದುರ್ಬಲ. ವರ್ಷಗಳಿಂದ ಒಟ್ಟಿಗೆ ಆಡಿದ ನಾಲ್ವರ ಸ್ಕ್ವಾಡ್ ಮತ್ತು ಆಟಗಾರರು ರ‍್ಯಾಂಡಮ್ ಎಂದು ಕರೆಯುವ, ಆ ಕ್ಷಣದಲ್ಲಿ ಕೂಡಿಬಂದ ನಾಲ್ವರು ಅಪರಿಚಿತರ ಗುಂಪು ಕಾಗದದ ಮೇಲೆ ಸಮವಾಗಬಹುದು, ಮೈದಾನದಲ್ಲಿ ಎಂದಿಗೂ ಆಗಲಾರವು. ಹೈದರಾಬಾದಿನಂಥ ನಗರದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ: ತೆಲುಗು, ದಖನಿ, ಹಿಂದಿ ಮಾತನಾಡುವವರ ನಡುವೆ ರಾಯಚೂರಿನಿಂದಲೋ ಬೀದರಿನಿಂದಲೋ ಓದಲು ಬಂದ ಕನ್ನಡದ ಹುಡುಗ ಸೇರಿಕೊಂಡಾಗ, ಶತ್ರು ಯಾವ ದಿಕ್ಕಿನಲ್ಲಿದ್ದಾನೆಂದು ಮೈಕ್‌ನಲ್ಲಿ ಹೇಳಿ ಅರ್ಥಮಾಡಿಸುವ ಹೊತ್ತಿಗೆ ಗುಂಡು ತಗುಲಿರುತ್ತದೆ. ಫೋನಿನ ವ್ಯತ್ಯಾಸವೂ ಚಿಕ್ಕದಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಹೊಸ ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್ ಕಾಯಬೇಕು, 120 ತೋರಿಸುವುದರಲ್ಲಿ 8.3 ಸಾಕು, ದುಬಾರಿ ಫೋನು ಕೊಂಡವನು ಗಳಿಸಿದ ಈ ಮುನ್ನಡೆಯನ್ನು ಅವನ ಕೌಶಲವೆಂದು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ಇನ್ನು ಕಂಚಿನಿಂದ ಕಾಂಕರರ್‌ವರೆಗಿನ ದರ್ಜೆಗಳು, ಬದುಕುಳಿದ ಅವಧಿಗೂ ಅಂಕ ಕೊಡುವುದರಿಂದ, ಕೌಶಲವನ್ನಷ್ಟೇ ಅಲ್ಲದೆ ಆಟಕ್ಕೆ ಸುರಿದ ಸಮಯವನ್ನೂ ಅಳೆಯುತ್ತವೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಜೋಡಣೆಯ ಗುರಿ ಸಮಬಲವೇ ಅಲ್ಲವೇ ಎಂಬುದು. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಸಂಶೋಧಕರು ಪಾಲ್ಗೊಂಡು 2017ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಸಮಾನ ಸಾಮರ್ಥ್ಯದವರನ್ನು ಎದುರುಬದುರಾಗಿಸುವುದಕ್ಕಿಂತ, ಆಟಗಾರ ಆಟ ಬಿಟ್ಟುಹೋಗದಂತೆ ಪಂದ್ಯಗಳನ್ನು ಜೋಡಿಸುವುದನ್ನೇ ಗುರಿಯಾಗಿ ಮುಂದಿಟ್ಟಿತು. ಅಂಥ ವ್ಯವಸ್ಥೆಯಲ್ಲಿ ಸೋಲುಗೆಲುವುಗಳು ಆಟಗಾರನ ಗಳಿಕೆಯಾಗಿ ಉಳಿಯದೆ, ಅವನನ್ನು ಹಿಡಿದಿಡುವ ಸಾಧನಗಳಾಗುತ್ತವೆ. ಬಿಜಿಎಂಐ ಹೀಗೆ ಮಾಡುತ್ತದೆಂದು ಆರೋಪಿಸಲು ಆಧಾರವಿಲ್ಲ. ಆದರೆ ಮಾಡುವುದಿಲ್ಲವೆಂದು ಪರೀಕ್ಷಿಸಿ ನೋಡುವ ದಾರಿಯೂ ಆಟಗಾರನಿಗಿಲ್ಲ, ಮತ್ತು ಈ ವ್ಯವಸ್ಥೆಯ ಮುಖ್ಯ ದೋಷ ಇದೇ.

ಗುಟ್ಟು ಬಿಟ್ಟುಕೊಟ್ಟರೆ ಬೇಕೆಂದೇ ಸೋತು ದರ್ಜೆ ಇಳಿಸಿಕೊಂಡು ದುರ್ಬಲರನ್ನು ಬೇಟೆಯಾಡುವವರು ಹೆಚ್ಚುತ್ತಾರೆಂಬ ವಾದದಲ್ಲಿ ತಕ್ಕಮಟ್ಟಿನ ಸತ್ಯವಿದೆ. ಆದರೆ ಸೂತ್ರವನ್ನು ಪೂರ್ತಿಯಾಗಿ ಬಯಲು ಮಾಡದೆಯೂ, ಯಾವ ಅಂಶಗಳನ್ನು ಪರಿಗಣಿಸಲಾಗುತ್ತದೆ, ಪಂದ್ಯದಲ್ಲಿದ್ದ ಎದುರಾಳಿಗಳಲ್ಲಿ ಮನುಷ್ಯರೆಷ್ಟು, ಬಾಟ್ ಎಂಬ ಯಂತ್ರಚಾಲಿತರೆಷ್ಟು ಎಂದು ತಿಳಿಸಬಹುದು. 2025ರ ಕೇಂದ್ರ ಕಾಯ್ದೆ ಇ-ಕ್ರೀಡೆಗೆ ಕಾನೂನಿನ ಮಾನ್ಯತೆ ಕೊಟ್ಟಿರುವಾಗ, ಹೈಟೆಕ್ಸ್ ವೇದಿಕೆಯ ಆಟಗಾರನಿಗೆ ಸಿಕ್ಕ ಸ್ಪಷ್ಟತೆಯನ್ನು ಕೋಣೆಯಲ್ಲಿ ಕೂತು ಆಡುವವನಿಗೂ ಪ್ರಕಾಶಕರು ಒದಗಿಸಬೇಕು.