‘ಸುಧಾರಿತ ತಳಿ’ ಎಂಬ ಮಾತು: ಒಂದು ವಿಮರ್ಶೆ

ಈಚೆಗೆ ನಮ್ಮ ಅಗರದ ಸುತ್ತಿನ ಶ್ರಾವಕರು ಸೇರಿದ್ದ ಸಭೆಯೊಂದರಲ್ಲಿ, ಬಸದಿಯ ಟ್ರಸ್ಟಿಗೆ ಸೇರಿದ ಕೊಳವನ್ನು ಮೀನು ಸಾಕಣೆಗೆ ಗುತ್ತಿಗೆ ಕೊಡಬಹುದೇ ಎಂಬ ಪ್ರಶ್ನೆ ಎದ್ದಿತು. ಹಿರಿಯರೊಬ್ಬರು, “ಈಗ ಬಿಡುವುದು ವಿಜ್ಞಾನಿಗಳು ಸುಧಾರಿಸಿದ ತಳಿ. ರೋಗ ಕಡಿಮೆ, ಆದ್ದರಿಂದ ಜೀವಕ್ಕೆ ನೋವೂ ಕಡಿಮೆ. ಬರುವ ಹಣ ಜೀರ್ಣೋದ್ಧಾರಕ್ಕಾಗುತ್ತದೆ” ಎಂದರು. ಈ ವಾದವನ್ನು ಕೋಪದಿಂದ ತಳ್ಳಿಹಾಕದೆ ಪರೀಕ್ಷಿಸುವುದು ಉಚಿತ.

ಮೀನಿನ ವಂಶಸುಧಾರಣೆಯ ವ್ಯವಸ್ಥಿತ ಕಾರ್ಯ 1970ರ ದಶಕದಲ್ಲಿ ನಾರ್ವೆ ದೇಶದ ಸಾಲ್ಮನ್ ಮೀನಿನಲ್ಲಿ ಆರಂಭವಾಯಿತು. ಅನೇಕ ನದಿಗಳ ಮೀನುಗಳನ್ನು ಕೂಡಿಸಿ, ಬೇಗ ಬೆಳೆದ ಕುಟುಂಬಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋದರು. ಅದೇ ವಿಧಾನವನ್ನು ನಾರ್ವೆಯ ಸಹಯೋಗದೊಂದಿಗೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಕೃಷಿ ಸಂಸ್ಥೆಯು 1992ರಲ್ಲಿ ರೋಹು ಮೀನಿಗೆ ಅನ್ವಯಿಸಿತು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಅದಕ್ಕೆ ‘ಜಯಂತಿ ರೋಹು’ ಎಂಬ ಹೆಸರಾಯಿತು. ಪ್ರತಿ ಪೀಳಿಗೆಗೆ ಸುಮಾರು ಶೇ. 17ರಷ್ಟು ಬೆಳವಣಿಗೆ ಹೆಚ್ಚಿತು. ನಮ್ಮ ರಾಜ್ಯದಲ್ಲಿಯೂ ಹಂಗೇರಿಯಿಂದ ತಂದ ‘ಅಮೂರ್’ ತಳಿಯ ಸಾಮಾನ್ಯ ಗೆಂಡೆ ಕೆರೆಗಳಿಗೆ ಬಂದಿದೆ.

ಈ ಅಮೂರ್ ಗೆಂಡೆಯನ್ನು ಮೆಚ್ಚಲು ಕಾರಣವೇನು? ಹಳೆಯ ಗೆಂಡೆ ನಮ್ಮ ಬಿಸಿಲ ನಾಡಿನಲ್ಲಿ ಆರೇಳು ತಿಂಗಳಿಗೇ ಪ್ರೌಢವಾಗಿ ಮೊಟ್ಟೆಯಿಡುತ್ತದೆ. ತಿಂದ ಮೇವಿನ ಸತ್ವ ಮಾಂಸವಾಗದೆ ಮೊಟ್ಟೆಗೆ ಹೋಗುತ್ತದೆ. ಇದೇ ‘ದೋಷ’. ಅಮೂರ್ ತಡವಾಗಿ ಪ್ರೌಢವಾಗುವುದರಿಂದ ‘ಉತ್ತಮ’. ಒಂದು ಪಂಚೇಂದ್ರಿಯ ಜೀವಿ ತನ್ನ ಸಂತಾನವನ್ನು ಬೆಳೆಸುವುದೇ ದೋಷವೆನಿಸಿದಾಗ, ಸುಧಾರಣೆಯಾದದ್ದು ಮೀನಿನ ಬಾಳೋ ಮಾರುವವನ ತಕ್ಕಡಿಯೋ? ಸಾಲ್ಮನ್ನಿನಲ್ಲಿಯೂ, ರೋಹುವಿನಲ್ಲಿಯೂ ಮೊದಲು ನೋಡಿದ್ದು ಬೆಳವಣಿಗೆಯನ್ನು. ರೋಗನಿರೋಧ ಬಂದದ್ದು ಆನಂತರ. ಈ ಅನುಕ್ರಮವೇ ಉದ್ದೇಶವನ್ನು ಹೇಳುತ್ತದೆ.

ಆದರೂ ನ್ಯಾಯವಾಗಿ ಒಪ್ಪಬೇಕಾದದ್ದೊಂದುಂಟು. ಐ.ಪಿ.ಎನ್. ಎಂಬ ವೈರಸ್ ರೋಗವನ್ನು ತಡೆಯುವ ವಂಶಗುಣವನ್ನು ಗುರುತಿಸಿ ಆರಿಸಿದ್ದರಿಂದ, 2009ರ ನಂತರ ನಾರ್ವೆಯ ಸಾಲ್ಮನ್‌ಗಳಲ್ಲಿ ಆ ರೋಗ ಬಹುವಾಗಿ ಇಳಿಯಿತು. ನೋವು ತಗ್ಗಿದ್ದು ನಿಜ. ವಿಜ್ಞಾನವನ್ನು ಹಳಿಯುವುದು ಅನೇಕಾಂತವಾದಿಗೆ ಶೋಭಿಸದು.

ಆದರೆ ಅಳತೆಗೋಲು ನಮ್ಮಲ್ಲಿಯೇ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊಲ್ಲುವುದಕ್ಕೆ ಮೊದಲೇ ಸಂಭವಿಸುವ ಹಿಂಸೆಗಳಿವು. ಹೊರೆ ಎತ್ತಿನ ಬೆನ್ನ ಮೇಲಷ್ಟೇ ಇರುವುದಿಲ್ಲ, ಒಡಲೊಳಗೂ ಇರಬಹುದು. ಒತ್ತಡಕ್ಕೋ ಶಾಖಕ್ಕೋ ಮೊಟ್ಟೆಯನ್ನು ಒಡ್ಡಿ ಪಡೆಯುವ ಬಂಜೆ ಸಾಲ್ಮನ್‌ಗಳಲ್ಲಿ ಎಲುಬಿನ ವಿಕಾರ, ಕಣ್ಣಿನ ಪೊರೆ ಹೆಚ್ಚಾಗಿ ಕಂಡುಬಂದಿವೆ. ಅದು ಅತಿಭಾರಾರೋಪಣವಲ್ಲದೆ ಮತ್ತೇನು? ಜೀವಿಯನ್ನು ನಪುಂಸಕಗೊಳಿಸುವ ಕಸಬನ್ನು ಶ್ರಾವಕಾಚಾರವು ‘ನಿರ್ಲಾಂಛನ’ವೆಂದು ಖರಕರ್ಮಗಳಲ್ಲಿ ಎಣಿಸಿರುವುದನ್ನೂ ನೆನೆಯಬೇಕು. 2015ರಲ್ಲಿ ಅಮೆರಿಕ ಒಪ್ಪಿದ, ಬೇರೆ ಮೀನಿನ ಜೀನ್ ಸೇರಿಸಿದ ಸಾಲ್ಮನ್ ಮೂರು ವರ್ಷದ ಬೆಳವಣಿಗೆಯನ್ನು ಒಂದೂವರೆ ವರ್ಷಕ್ಕೆ ಇಳಿಸಿತು; ಅದೂ ಬಂಜೆಯೇ. ಅದನ್ನು ಬೆಳೆಸುತ್ತಿದ್ದ ಕಂಪನಿ 2024ರ ಡಿಸೆಂಬರಿನಲ್ಲಿ ಮೀನು ಸಾಕಣೆಯನ್ನೇ ನಿಲ್ಲಿಸಿತು.

ಇನ್ನು ಲೆಕ್ಕ. ಮೀನು ದೊಡ್ಡದಾದರೆ ಕಡಿಮೆ ಜೀವಗಳು ಸಾಕಲ್ಲವೇ ಎಂಬವರುಂಟು. ನಾನು ವ್ಯಾಪಾರಿ, ಖಾತೆ ಬರೆದೇ ನೋಡುತ್ತೇನೆ. ಹನ್ನೆರಡು ತಿಂಗಳ ಬೆಳೆ ಒಂಬತ್ತಕ್ಕೆ ಇಳಿದರೆ, ಮೂರು ವರ್ಷದಲ್ಲಿ ಮೂರು ಸಲ ಬಲೆ ಬೀಳುತ್ತಿದ್ದ ಕೊಳಕ್ಕೆ ನಾಲ್ಕು ಸಲ ಬೀಳುತ್ತದೆ. ಖರ್ಚು ಇಳಿದರೆ ದರ ಇಳಿಯುತ್ತದೆ, ದರ ಇಳಿದರೆ ಗಿರಾಕಿ ಹೆಚ್ಚುತ್ತಾನೆ. ಉಳಿದ ಜೀವಗಳು ಯಾವ ಕಲಮಿನಲ್ಲಿಯೂ ಕಾಣುವುದಿಲ್ಲ.

ಬಲೆ ಬೀಸುವ ಬೆಸ್ತನನ್ನಾಗಲಿ ಪ್ರಯೋಗಶಾಲೆಯ ವಿಜ್ಞಾನಿಯನ್ನಾಗಲಿ ದೂಷಿಸುವುದು ನನ್ನ ಇಷ್ಟವಲ್ಲ. ನನ್ನ ಅಂಗಡಿಯ ಕಡಲೆ ಹಿಂಡಿಯೂ ವರ್ಷಗಳ ಕಾಲ ಮೀನಿನ ಕೊಳಗಳಿಗೆ ಹೋಗಿದೆ. ಕೇಳಿ ತಿಳಿದ ಮೇಲೆ ನಿಲ್ಲಿಸಿದೆ. ಕೇಳದೆ ಇದ್ದುದು ನನ್ನದೇ ಪ್ರಮಾದ. ಕೃತ, ಕಾರಿತ, ಅನುಮೋದನೆಗಳಲ್ಲಿ ಗುತ್ತಿಗೆಪತ್ರದ ರುಜುವು ಕಾರಿತಕ್ಕೆ ಸೇರುತ್ತದೆ. ‘ಸುಧಾರಿತ’ ಎಂಬ ವಿಶೇಷಣ ಅದನ್ನು ತೊಳೆಯಲಾರದು.

ಬಸದಿಯ ಗೋಡೆ ಒಂದೆರಡು ವರ್ಷ ತಡವಾಗಿ ದುರಸ್ತಿಯಾಗಲಿ. ಕೊಳ ಮಾತ್ರ ಕೊಳವಾಗಿಯೇ ಉಳಿಯಲಿ. ಟ್ರಸ್ಟಿನ ಧರ್ಮಬಂಧುಗಳು ರುಜು ಹಾಕುವ ಮುನ್ನ ವಿಚಾರಿಸಬೇಕೆಂದು ನನ್ನ ವಿನಂತಿ.