ಬರೆದುದರ ಅನುಪರೀಕ್ಷೆ

ಸ್ಫೂರ್ತಿಯಿಂದ ಹೊರಹೊಮ್ಮಿದ ಬರಹವನ್ನು ತಿದ್ದಲಾಗದು, ತಿದ್ದಿದೊಡನೆ ಅದರ ಸಹಜಸೌಂದರ್ಯವು ಕೆಡುವುದು ಎಂಬ ಅಭಿಪ್ರಾಯವು ಅನೇಕ ಲೇಖಕರಲ್ಲಿ ಬೇರೂರಿದೆ. ಇದು ಪ್ರತಿಭೆಗೆ ಸಲ್ಲಿಸುವ ಗೌರವದಂತೆ ತೋರಿದರೂ, ಬಹುಮಟ್ಟಿಗೆ ಆಲಸ್ಯಕ್ಕೆ ಹೊದಿಸಿದ ಪೀತಾಂಬರವೇ ಸರಿ. ಪ್ರತಿಭೆಯನ್ನು ಮನ್ನಿಸಿದ ಪ್ರಾಚೀನ ಲಾಕ್ಷಣಿಕರೇ ತಿದ್ದುವಿಕೆಯನ್ನೂ ಕವಿಕರ್ಮದ ಅಂಗವೆಂದು ವಿಧಿಸಿದ್ದಾರೆ.

ಕಾವ್ಯಾಲಂಕಾರಸೂತ್ರಗಳನ್ನು ರಚಿಸಿದ ವಾಮನನು ಪ್ರತಿಭಾನವೇ ಕವಿತ್ವದ ಬೀಜವೆಂದು ಹೇಳಿ, ಅದರ ಪಕ್ಕದಲ್ಲಿಯೇ ಅವೇಕ್ಷಣವನ್ನೂ ಎಣಿಸಿರುವನು. ಪದಗಳನ್ನು ಇಡುವುದು, ಒಲ್ಲದುದನ್ನು ತೆಗೆಯುವುದು, ಇದೇ ಅವೇಕ್ಷಣ. ಬೀಜವಿದ್ದ ಮಾತ್ರಕ್ಕೆ ಬೆಳೆ ಕೈಗೆ ಬಾರದು. ಕಳೆ ಕೀಳುವ ಕೈಯೂ ಬೇಕು.

ಈ ನಿಯಮವನ್ನು ಕವಿಯ ದಿನಚರಿಗೇ ಅಳವಡಿಸಿದವನು ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರ. ಆತನ ಕಾವ್ಯಮೀಮಾಂಸೆಯು 1916ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಅದರ ಹತ್ತನೆಯ ಅಧ್ಯಾಯದಂತೆ ಕವಿಯು ಹಗಲಿನ ಎರಡನೆಯ ಜಾವದಲ್ಲಿ ಕಾವ್ಯವನ್ನು ರಚಿಸಬೇಕು. ನಾಲ್ಕನೆಯ ಜಾವದಲ್ಲಿ ಒಬ್ಬನೇ ಆಗಲಿ, ಕೆಲವೇ ಮಂದಿಯೊಡನೆ ಆಗಲಿ ಅದನ್ನು ಪರೀಕ್ಷಿಸಬೇಕು. ಪರೀಕ್ಷೆಯಾದುದನ್ನು ಸಂಜೆ ಬರೆದಿಡಬೇಕು. ರಸಾವೇಶದಲ್ಲಿ ರಚಿಸುವವನ ದೃಷ್ಟಿಗೆ ವಿವೇಚನೆ ಇರದೆಂಬುದೇ ಇದಕ್ಕೆ ಅವನು ಕೊಡುವ ಕಾರಣ. ನಡುವಣ ಜಾವದ ಅವಕಾಶವು ಇಲ್ಲಿ ಮುಖ್ಯವಾದುದು. ಆ ಹೊತ್ತಿಗೆ ಕಾವು ಆರಿ, ಬರೆದವನೇ ಓದುಗನಾಗಿ ಕುಳಿತುಕೊಳ್ಳಬಲ್ಲನು.

ಪರೀಕ್ಷೆಯ ಕಾರ್ಯಗಳನ್ನು ಅವನು ನಾಲ್ಕಾಗಿ ವಿಂಗಡಿಸಿರುವನು: ಹೆಚ್ಚಾದುದನ್ನು ಬಿಡುವುದು, ಕೊರತೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು. ತ್ಯಾಗಕ್ಕೆ ಮೊದಲ ಸ್ಥಾನ ಸಂದಿರುವುದು ಗಮನಾರ್ಹ. ‘ಪ್ರಾತಃಕಾಲದ ಬೆಳಗಿನಲ್ಲಿ ಬಾಲಸೂರ್ಯನು ಉದಯಿಸಿ ಮೂಡಿದನು’ ಎಂದು ಬರೆದವನಿಗೆ ಆವೇಶದಲ್ಲಿ ಪ್ರತಿಯೊಂದು ಪದವೂ ಅವಶ್ಯವೆಂದೇ ತೋರುವುದು. ಸಂಜೆ ಓದಿದಾಗ ‘ಹೊತ್ತು ಮೂಡಿತು’ ಎಂಬ ಎರಡು ಪದಗಳೇ ಸಾಕೆಂದು ಅವನಿಗೇ ಹೊಳೆಯುವುದು. ಅವನಿಗೆ ಹೊಳೆಯದಿದ್ದರೆ ಓದುಗನಿಗೆ ಹೊಳೆಯುವುದು; ಅಷ್ಟರಲ್ಲಿ ಅಚ್ಚು ಮುಗಿದಿರುತ್ತದೆ.

ಹಾಗಾದರೆ ತಿದ್ದುವಿಕೆಗೆ ಕೊನೆಯೆಲ್ಲಿ? ಪದಗಳು ಇನ್ನು ಬದಲಾವಣೆಯನ್ನು ಸಹಿಸವೆಂಬ ಸ್ಥಿತಿಯೇ ಪಾಕವೆಂದು ವಾಮನನ ಅನುಯಾಯಿಗಳ ಮತ. ರಾಜಶೇಖರನ ಪತ್ನಿ ಅವಂತಿಸುಂದರಿಯು ಇದನ್ನು ಒಪ್ಪಲಿಲ್ಲ. ಅದು ಪಾಕವಲ್ಲ, ಅಶಕ್ತಿ. ಒಂದೇ ವಸ್ತುವಿನಲ್ಲಿ ಮಹಾಕವಿಗಳ ಹಲವು ಪಾಠಗಳು ಪಕ್ವವಾಗಿರಬಲ್ಲವು. ರಸಕ್ಕೆ ಉಚಿತವಾದ ಶಬ್ದಾರ್ಥಗಳ ಜೋಡಣೆಯೇ ಪಾಕವೆಂದು ಆಕೆಯ ವಾದ. ಕಾವ್ಯಮೀಮಾಂಸೆಯು ಈ ಮತವನ್ನು ಆಕೆಯ ಹೆಸರಿನಲ್ಲಿಯೇ ಉಳಿಸಿಕೊಟ್ಟಿದೆ. ಎರಡರಲ್ಲಿ ಇದೇ ಹೆಚ್ಚು ಸಮಂಜಸವಾದುದು. ಪದ ಕದಲದಿರುವುದನ್ನೇ ಗುರಿಯಾಗಿಟ್ಟುಕೊಂಡವನು ತಿದ್ದಿ ತಿದ್ದಿ ಬರಹದ ಜೀವವನ್ನೇ ಹಿಂಡಿಯಾನು. ರಸವನ್ನು ಗುರಿಯಾಗಿಟ್ಟುಕೊಂಡವನಿಗೆ ಎಲ್ಲಿ ನಿಲ್ಲಬೇಕೆಂಬುದೂ ಗೋಚರಿಸುವುದು.

ಆದಕಾರಣ ಸಹಜತೆ ಕೆಡುವುದೆಂಬ ಭಯವು ಅತಿಯಾಗಿ ತಿದ್ದುವವನಿಗೆ ಒಪ್ಪತಕ್ಕದ್ದೇ ಹೊರತು, ಒಮ್ಮೆಯೂ ತಿದ್ದದವನಿಗೆ ಒಪ್ಪುವುದಿಲ್ಲ. ಬರೆದುದನ್ನು ಅಚ್ಚಿಗೆ ಕೊಡುವ ಮುನ್ನ ಒಂದು ಜಾವವಾದರೂ ಕಾದು ಓದುವುದು, ಲೇಖಕನು ಓದುಗನಿಗೆ ಸಲ್ಲಿಸಬೇಕಾದ ಮೊದಲನೆಯ ಋಣ.